ಮಗು ಹೇಳಿದ ಹಾಗೇ ಬರೀರಿ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಕಾಗದ, ವಾಟ್ಸಾಪ್ ಎಲ್ಲ ಸೇರಿಸಿ ನೋಡಿದ್ರೆ ಮುಕ್ಕಾಲು ಪಾಲು ಮಕ್ಕಳದ್ದೇ ಸಮಾಚಾರ. ಹಾಗಾಗಿ ಅಡಿಕೆ ಕೊಳೆರೋಗ, ರೇಷನ್ ಕಾರ್ಡು, ಅತ್ತೆ ಸೊಸೆ ತಕರಾರು ಇದನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟಿದ್ದೇನೆ, ಬೇಜಾರು ಮಾಡ್ಬೇಡಿ. ವಯಸ್ಸು, ಊರು ಎಲ್ಲ ಸ್ವಲ್ಪ ಆಚೀಚೆ ಮಾಡಿ ಹಾಕಿದ್ದೇನೆ, "ಇದು ನಮ್ಮ ಆಚೆಮನೆಯವರದ್ದೇ" ಅಂತ ಯಾರೂ ಪತ್ತೆದಾರಿ ಮಾಡ್ಲಿಕ್ಕೆ ಹೋಗ್ಬೇಡಿ.

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ ಒಂಬತ್ತು ವರ್ಷ, ಕನ್ನಡ ಮೀಡಿಯಂ ಶಾಲೆ. ಹೋದ ವಾರ ತಲೆಗೆ ಎಣ್ಣೆ ಹಾಕುವಾಗ ಹೇಳಿದ್ಲು, ಮನೆಗೆ ಬಂದಾಗೆಲ್ಲ ದೊಡ್ಡಪ್ಪ ಉಪದ್ರ ಮಾಡ್ತಾರೆ ಅಂತ. ಎಂತ ಉಪದ್ರ ಅಂತ ಕೇಳಿದ್ದಕ್ಕೆ ಅವಳು ಹೇಳಿದ್ದನ್ನು ಇಲ್ಲಿ ಬರೀಲಿಕ್ಕೆ ನನ್ನ ಕೈ ಓಡುವುದಿಲ್ಲ. ಅವರು ನನ್ನ ಗಂಡನ ದೊಡ್ಡಮ್ಮನ ಮಗ, ಊರಲ್ಲಿ ದೊಡ್ಡ ಹೆಸರು. ಅತ್ತೆ ಹೇಳ್ತಾರೆ ಬಾಯಿ ಮುಚ್ಚು, ನಾಳೆ ಹುಡುಗಿಗೆ ಮದುವೆ ಆಗ್ಬೇಡ್ವಾ ಅಂತ. ಇವರು, ಇನ್ನು ಅವನನ್ನು ಮನೆಗೆ ಸೇರಿಸುವುದು ಬೇಡ ಅಷ್ಟು ಸಾಕಲ್ಲ ಅಂತಾರೆ. ನಾನು ಪುತ್ತೂರು ಕಡೆಯಿಂದ ಮದುವೆಯಾಗಿ ಬಂದವಳು, ಮಲಯಾಳ ಬಸ್ಸಿನ ಬೋರ್ಡು ಓದುವಷ್ಟೂ ಬರುವುದಿಲ್ಲ. ಸ್ಟೇಷನಿಗೆ ಹೋಗಿ ಎಂತ ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು?
(ಹೆಸರು ಬೇಡ, ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು)

ಉತ್ತರ: ತಂಗೀ, ಮೊದಲು ಒಂದು ಮಾತು, ಎಣ್ಣೆ ಹಾಕುವಾಗ ಹೇಳಿದ್ಲಲ್ಲ, ನಿನ್ನ ಕೈ ತಲೆಮೇಲೆ ಇರುವಾಗ, ಮುಖ ನೋಡ್ಬೇಕಾಗಿಲ್ಲದ ಹೊತ್ತಲ್ಲಿ. ಮಕ್ಕಳು ಹಾಗೆಯೇ ಹೇಳುವುದು. ಎದುರು ಕೂರಿಸಿ "ಹೇಳು ಎಂತಾಯ್ತು" ಅಂದ್ರೆ ಹೇಳುವುದಿಲ್ಲ. ನಿನ್ನನ್ನು ನಂಬಿ ಹೇಳಿದ್ದಾಳೆ, ಈಗ ನೀನು ಅವಳಿಗೆ ಹೇಳ್ಬೇಕಾದ್ದು ಎರಡೇ ಮಾತು, "ನೀನು ಹೇಳಿದ್ದು ಒಳ್ಳೆದಾಯ್ತು, ತಪ್ಪು ನಿಂದಲ್ಲ." ಮತ್ತೆ ಮತ್ತೆ ಕೆದಕಿ ಕೇಳ್ಬೇಡ, ಅತ್ತೆ ಒಮ್ಮೆ, ಅತ್ತಿಗೆ ಒಮ್ಮೆ, ಆಚೆಮನೆ ಟೀಚರ್ ಒಮ್ಮೆ ಕೂತು ಕೇಳಿದ್ರೆ ಐದನೇ ಸಲ ಮಗು "ಎಂತದೂ ಆಗಿಲ್ಲ" ಅಂತ ಹೇಳಿ ಕೈತೊಳ್ಕೊಳ್ತದೆ, ಆಮೇಲೆ ಅದನ್ನೇ ಹಿಡ್ಕೊಂಡು "ನೋಡಿದ್ರಾ ಸುಳ್ಳು" ಅಂತಾರೆ. ಅವಳು ಹೇಳಿದ್ದನ್ನು ಅವಳು ಹೇಳಿದ ಶಬ್ದದಲ್ಲೇ, ತಾರೀಕು ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ನಿನ್ನ ಶಬ್ದ ಸೇರಿಸ್ಬೇಡ. ಯಾಕೆ ಅಂತ ಮುಂದೆ ಹೇಳ್ತೇನೆ. ಮತ್ತೆ, ಆ ಮನುಷ್ಯನನ್ನು ಫೋನಲ್ಲಿ ಬೈಲಿಕ್ಕೂ ಹೋಗ್ಬೇಡ, ಬೈದ್ರೆ ಅವನಿಗೆ ಸುದ್ದಿ ಮುಟ್ಟಿಸಿದ ಹಾಗಾಯ್ತು ಅಷ್ಟೆ. (ಓದುವ ಬೇರೆಯವರಿಗೆ: ಘಟನೆ ನಿನ್ನೆ ಮೊನ್ನೆ ನಡೆದದ್ದಾದ್ರೆ ಬಟ್ಟೆ ತೊಳೀಬೇಡಿ, ಕಾಗದದ ಕವರಿನಲ್ಲಿ ಕಟ್ಟಿಡಿ, ಮಗುವನ್ನು ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಸರ್ಕಾರಿ ಆದ್ರೂ ಪ್ರೈವೇಟ್ ಆದ್ರೂ ಇಂಥ ಕೇಸಲ್ಲಿ ದುಡ್ಡು ಕೇಳದೆ ಚಿಕಿತ್ಸೆ ಕೊಡ್ಲೇಬೇಕು, ಕಾನೂನೇ ಹಾಗುಂಟು. ಹೆಣ್ಣುಮಗುವಿನ ಪರೀಕ್ಷೆ ಲೇಡಿ ಡಾಕ್ಟ್ರೇ ಮಾಡ್ಬೇಕು.)

ಇನ್ನು ಮನೆಯವರ ಮಾತು. "ಸೇರಿಸದಿದ್ರೆ ಸಾಕಲ್ಲ" ಅಂತ ನಿನ್ನ ಗಂಡ ಹೇಳಿದ್ದು ನನಗೆ ಅರ್ಥ ಆಗ್ತದೆ, ಅಣ್ಣ ಅಂತ ಕರೆದು ಬೆಳೆದವರ ಮೇಲೆ ದೂರು ಕೊಡುವುದು ಯಾರಿಗೂ ಸುಲಭ ಅಲ್ಲ. ಆದ್ರೆ ನಿಮ್ಮ ಮನೆಗೆ ಬಾರದಿದ್ರೆ ಅವನು ಇನ್ನೊಂದು ಮನೆಗೆ ಹೋಗ್ತಾನೆ, ಅಲ್ಲಿಯೂ ದೊಡ್ಡಪ್ಪನೇ. ಮತ್ತೆ ಕಾನೂನು ಕೂಡ ಇದನ್ನು ಮನೆಯವರ ಇಷ್ಟಕ್ಕೆ ಬಿಟ್ಟಿಲ್ಲ. 2012ರ ಪೋಕ್ಸೋ ಕಾಯ್ದೆ, ಅಂದ್ರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಕಾನೂನು, ಅದರ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಯಾರೇ ಆಗ್ಲಿ ಪೊಲೀಸಿಗೆ ಹೇಳ್ಲೇಬೇಕು, ಗೊತ್ತಿದ್ದೂ ಹೇಳದಿದ್ರೆ 21ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಅತ್ತೆಗೆ ಇದನ್ನು ಹೆದರಿಸುವ ಹಾಗೆ ಹೇಳ್ಬೇಡ, "ನಾವು ಮುಚ್ಚಿಟ್ರೆ ನಮ್ಮ ಮೇಲೇ ಕೇಸಾಗ್ತದಂತೆ ಅತ್ತೇ" ಅಂತ ಹೇಳು, ಕೆಲವು ಸಲ ಹಿರಿಯರಿಗೆ ಹಿಂದೆ ಸರೀಲಿಕ್ಕೆ ಅಂಥದ್ದೊಂದು ನೆವ ಬೇಕಾಗ್ತದೆ. ಮಗುವಿಗೆ ಹನ್ನೆರಡರ ಒಳಗೆ, ಮಾಡಿದವ ಸಂಬಂಧಿಕ, ಇದೆರಡನ್ನೂ ಕಾನೂನು ಹೆಚ್ಚಿನ ಅಪರಾಧ ಅಂತಲೇ ಲೆಕ್ಕ ಹಾಕ್ತದೆ, ಬರೀ ಕೈಯಾಡಿಸಿದ್ದೇ ಆದ್ರೂ ಐದು ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆ. ಬಟ್ಟೆ ಮೇಲಿಂದ ಮುಟ್ಟಿದ್ದು ಮುಟ್ಟಿದ ಹಾಗಲ್ಲ ಅಂತ ಒಂದು ತೀರ್ಪು ಬಂದು ದೇಶವೇ ತಲೆ ಚಚ್ಚಿಕೊಂಡಿತ್ತು ನೆನಪುಂಟಾ, ಅದನ್ನು ಸುಪ್ರೀಂ ಕೋರ್ಟು 2021ರ ನವೆಂಬರಿನಲ್ಲೇ ತೆಗೆದು ಹಾಕಿದೆ.

ಮದುವೆ ಮಾತು ಹೇಳಿದ್ರಲ್ಲ ಅತ್ತೆ, ಮಗುವಿನ ಹೆಸರು, ಫೋಟೋ, ಶಾಲೆ, ಮನೆ ಯಾವುದನ್ನೂ ಪೇಪರಿನವರು ಹಾಕ್ಲಿಕ್ಕಿಲ್ಲ, ಹಾಕಿದ್ರೆ ಅವರಿಗೂ ಜೈಲು. ಊರಿನ ಬಾಯಿಗೆ ಬೀಗ ಹಾಕ್ಲಿಕ್ಕೆ ಯಾವ ಕಾನೂನಿಂದಲೂ ಆಗುವುದಿಲ್ಲ, ಅದನ್ನು ನಾನು ಸುಳ್ಳು ಹೇಳುವುದಿಲ್ಲ.

ಈಗ ಭಾಷೆಗೆ ಬರುವ, ನಿನ್ನ ಕಾಗದದಲ್ಲಿ ನನಗೆ ತುಂಬ ತಾಗಿದ್ದು ಅದೇ. 1956ರಲ್ಲಿ ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ಕತೆ ಇರ್ಲಿ, ಅದನ್ನು ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ, ಆದ್ರೆ ಸ್ಟೇಷನಿನ ಬೆಂಚಿನ ಮೇಲೆ ಕೂತ ಒಂಬತ್ತು ವರ್ಷದ ಮಗುವಿಗೆ ಭಾಷೆ ಅಂದ್ರೆ ಹೋರಾಟ ಅಲ್ಲ, ಉಸಿರು. ನಾನು ಕೆಲವು ವರ್ಷ ಹೀಗೆ ಮಕ್ಕಳ ಜೊತೆ ಹೋಗಿ ಕೂತವಳು, ಎರಡೂ ಭಾಷೆ ಬರ್ತದೆ ಅಂತ ಕರೀತಿದ್ರು. ಒಂದು ಮಗು "ಉಪದ್ರ ಮಾಡಿದ್ರು" ಅಂತ ಹೇಳಿತ್ತು, ನಿನ್ನ ಮಗಳು ಹೇಳಿದ್ದೇ ಶಬ್ದ. ಬರೆಯುವವರು ಪಾಪ ಒಳ್ಳೇ ಮನಸ್ಸಿನಿಂದಲೇ "ಉಪದ್ರವಿಚ್ಚು" ಅಂತ ಬರೆದ್ರು. ನಮ್ಮಲ್ಲಿ ಮಗು ಉಪದ್ರ ಅಂದ್ರೆ ಕೀಟಲೆಯಿಂದ ಹಿಡಿದು ಹೇಳ್ಲಿಕ್ಕಾಗದ್ದರವರೆಗೆ ಎಲ್ಲ ಅದರೊಳಗೆ ಬರ್ತದೆ, ಮಲಯಾಳದಲ್ಲಿ ಉಪದ್ರವಿಚ್ಚು ಅಂದ್ರೆ ಹೊಡೆದು ಬಡಿದು ಹಿಂಸೆ ಕೊಟ್ಟದ್ದೂ ಆಗ್ತದೆ. ಆಮೇಲೆ ಆ ಕಡೆ ವಕೀಲರು ಕೇಳಿದ್ರು, "ನಿನಗೆ ಹೊಡೆದ್ರಾ?" ಮಗು ಸತ್ಯವನ್ನೇ ಹೇಳಿತು, "ಇಲ್ಲ." ಆ ಒಂದು "ಇಲ್ಲ"ವನ್ನು ಸರಿ ಮಾಡ್ಲಿಕ್ಕೆ ಎಷ್ಟು ಕಷ್ಟ ಆಯ್ತು ಅಂತ ಅಲ್ಲಿದ್ದವರಿಗೇ ಗೊತ್ತು. ಅದಕ್ಕೇ ಹೇಳಿದ್ದು ಅವಳ ಶಬ್ದದಲ್ಲೇ ಬರೆದಿಡು ಅಂತ.

ಕಾಯ್ದೆ ಮಾಡಿದವರಿಗೂ ಇದು ಗೊತ್ತಿತ್ತು. 26ನೇ ಸೆಕ್ಷನ್‌ನಲ್ಲಿ ಮಗುವಿನ ಹೇಳಿಕೆಯನ್ನು ಮಗು ಹೇಳಿದ ಹಾಗೇ ಬರೀಬೇಕು, ಅಪ್ಪ ಅಮ್ಮ ಅಥವಾ ಮಗು ನಂಬುವ ಯಾರಾದ್ರೂ ಪಕ್ಕದಲ್ಲಿ ಇರ್ಬೇಕು ಅಂತ ಉಂಟು. ದೂರನ್ನು ಮಗುವಿಗೆ ಗೊತ್ತಿಲ್ಲದ ಭಾಷೆಯಲ್ಲಿ ಬರೆಯುವುದಾದ್ರೆ ಅನುವಾದಕರನ್ನು ಕೊಡ್ಬೇಕು, ಅವರ ಫೀಸು ನಿನ್ನ ತಲೆಮೇಲೆ ಅಲ್ಲ. ಮಗುವನ್ನು ಸ್ಟೇಷನಿಗೆ ಕರ್ಕೊಂಡು ಹೋಗ್ಲೇಬೇಕು ಅಂತಿಲ್ಲ, ಮನೆಗೋ ಮಗುವಿಗೆ ಸರಿಯಾದ ಜಾಗಕ್ಕೋ ಅವರೇ ಬರ್ಬೇಕು, ಆದಷ್ಟು ಎಸ್‌ಐಗಿಂತ ಕೆಳಗಿನವರಲ್ಲದ ಲೇಡಿ ಆಫೀಸರ್, ಯೂನಿಫಾರ್ಮ್ ಹಾಕ್ಲಿಕ್ಕಿಲ್ಲ. ಬರೆದದ್ದನ್ನು ಓದಿ ಹೇಳದೆ ಸಹಿ ಹಾಕ್ಬೇಡ, ಕನ್ನಡದಲ್ಲಿ ಅರ್ಥ ಹೇಳಿಸ್ಕೋ. ಕೋರ್ಟಿನಲ್ಲಿಯೂ ಅವನ ಮುಖ ಮಗು ನೋಡ್ಬೇಕಾಗಿಲ್ಲ, ಪರದೆಯೋ ವಿಡಿಯೋವೋ ಮಾಡ್ತಾರೆ. ಕಾಸರಗೋಡು, ಕಾಞಂಗಾಡಿನ ಹೊಸದುರ್ಗ ಎರಡು ಕಡೆಯೂ ಇದಕ್ಕೇ ಅಂತ ಸ್ಪೆಷಲ್ ಕೋರ್ಟುಂಟು. ವಕೀಲರಿಗೆ ಕೊಡ್ಲಿಕ್ಕೆ ದುಡ್ಡಿಲ್ಲ ಅಂತಾದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಧರ್ಮಕ್ಕೆ ಸಿಗ್ತಾರೆ, ನಂಬರು 15100.

ನೀನು ನಾಳೆ ಮಾಡ್ಬೇಕಾದ್ದು: 1098ಕ್ಕೆ ಫೋನ್ ಮಾಡು, ಅದು ಮಕ್ಕಳ ಸಹಾಯವಾಣಿ. ಇಪ್ಪತ್ತನಾಲ್ಕು ಗಂಟೆಯೂ ಉಂಟು, ಚಾರ್ಜಿಲ್ಲ. ಮಲಯಾಳದಲ್ಲಿ ಹಲೋ ಅಂದ ಕೂಡ್ಲೆ ಗಾಬರಿಯಾಗಿ ಇಟ್ಟುಬಿಡ್ಬೇಡ, ಈ ಒಂದು ವಾಕ್ಯ ಬಾಯಿಪಾಠ ಮಾಡ್ಕೋ, "ಕನ್ನಡ ಅರಿಯುನ್ನ ಆಳ್ ವೇಣಂ." ಕನ್ನಡ ಗೊತ್ತಿರುವವರು ಬೇಕು ಅಂತ ಅರ್ಥ, ಅಷ್ಟೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸ್ತಾರೆ, ಅಲ್ಲಿ ಕೇಸು ಮುಗಿಯುವವರೆಗೆ ಮಗುವಿನ ಜೊತೆ ನಿಲ್ಲುವ ಒಬ್ಬರನ್ನು ಕೇಳ್ಬಹುದು, ಸಪೋರ್ಟ್ ಪರ್ಸನ್ ಅಂತಾರೆ. ಕನ್ನಡ ಬರುವವರೇ ಆಗ್ಬೇಕು ಅಂತ ಬಾಯಲ್ಲಿ ಹೇಳ್ಬೇಡ, ಬರೆದು ಕೊಡು, ಕನ್ನಡದಲ್ಲೇ ಬರೆದು ಕೊಡು. ನಿನಗೆ ಹೋಗ್ಲಿಕ್ಕೆ ಧೈರ್ಯ ಸಾಲದಿದ್ರೆ ನಿಮ್ಮ ವಾರ್ಡಿನ ಆಶಾ ವರ್ಕರ್, ಅಂಗನವಾಡಿ ಟೀಚರ್, ಶಾಲೆಯ ಕೌನ್ಸೆಲರ್ ಇವರಲ್ಲಿ ಬಾಯಿ ಗಟ್ಟಿ ಇರುವವರು ಯಾರು ಅಂತ ನಿನಗೇ ಗೊತ್ತಿರ್ತದೆ (ಇಲ್ಲಿ ಬಾಯಿ ಗಟ್ಟಿ ಅಂದ್ರೆ ಗುಟ್ಟು ಬಿಡದವರು, ಜಗಳಗಂಟಿ ಅಲ್ಲ).

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಎಂಟನೇ ಕ್ಲಾಸಿನ ಹುಡುಗ ಒಬ್ಬ, ಶಾಲೆಯಲ್ಲೇ ಕೆಲಸ ಮಾಡುವ ಒಬ್ಬರ ಬಗ್ಗೆ ನನ್ನತ್ರ ಅಳುತ್ತಾ ಹೇಳಿದ. ಎಚ್‌ಎಂಗೆ ಹೇಳಿದ್ರೆ "ಮೊದಲು ನಾವು ನಮ್ಮೊಳಗೆ ವಿಚಾರಣೆ ಮಾಡುವ, ಅಡ್ಮಿಷನ್ ಟೈಮು, ಶಾಲೆ ಹೆಸರು ಹಾಳಾಗ್ತದೆ, ಅದೂ ಹುಡುಗ ಅಲ್ವಾ" ಅಂದ್ರು. ನಾನು ಎಂತ ಮಾಡ್ಲಿ?

ಉತ್ತರ: ಟೀಚರೇ, ನಿಮ್ಮೊಳಗಿನ ವಿಚಾರಣೆ ಮಾಡುವ ಅಧಿಕಾರ ಎಚ್‌ಎಂಗೂ ಇಲ್ಲ, ಪಿಟಿಎಗೂ ಇಲ್ಲ, ಮ್ಯಾನೇಜ್‌ಮೆಂಟಿಗೂ ಇಲ್ಲ. ತಿಳಿಸ್ಲಿಕ್ಕೆ ನೀವು ನೂರಕ್ಕೆ ನೂರು ಖಾತ್ರಿ ಮಾಡ್ಕೊಳ್ಬೇಕಾಗಿಯೂ ಇಲ್ಲ, ಹೀಗೊಂದು ನಡೆದಿದೆ ಅಂತ ಗೊತ್ತಾದ್ರೆ, ನಡೀಬಹುದು ಅಂತ ಭಯ ಇದ್ರೂ ಸಾಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ರೆ ಶಿಕ್ಷೆ ಒಂದು ವರ್ಷದವರೆಗೆ, ಸಾಮಾನ್ಯ ಜನರಿಗಿಂತ ಜಾಸ್ತಿ. ನಿಮ್ಮ ಎಚ್‌ಎಂಗೆ ಅದನ್ನು ಲೆಟರಲ್ಲಿ ಬರೆದು ಕೊಟ್ಟು ನೋಡಿ, ಅಡ್ಮಿಷನ್ ಚಿಂತೆ ಎಲ್ಲಿ ಹೋಗ್ತದೆ ಅಂತ. ಆದ್ರೆ ಅವರ ಉತ್ತರಕ್ಕೆ ಕಾಯ್ಬೇಡಿ, ಹೇಳುವ ಜವಾಬ್ದಾರಿ ನಿಮ್ಮದೂ ಹೌದು, ಎಚ್‌ಎಂಗೆ ಹೇಳಿದ್ದೇನೆ ಅಂದ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ಒಳ್ಳೇ ಮನಸ್ಸಿಂದ ತಿಳಿಸಿದವರ ಮೇಲೆ ಕೇಸು ಹಾಕ್ಲಿಕ್ಕಾಗದ ಹಾಗೆ ಅದೇ ಕಾಯ್ದೆ ನಿಮ್ಮನ್ನು ಕಾಯ್ತದೆ.

"ಹುಡುಗ ಅಲ್ವಾ" ಅಂದದ್ದಕ್ಕೆ ನನಗೆ ಸಿಟ್ಟೇ ಬಂತು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ ಹದಿಮೂರು ರಾಜ್ಯದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿ ಒಂದು ಅಧ್ಯಯನ ಮಾಡಿತ್ತು, ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಆಗಿದೆ ಅಂದವರು ನೂರಕ್ಕೆ 53, ಅವರಲ್ಲಿ ಹುಡುಗಿಯರಿಗಿಂತ ಹುಡುಗರೇ ಸ್ವಲ್ಪ ಜಾಸ್ತಿ. ಪೋಕ್ಸೋ ಬರೀ ಹುಡುಗಿಯರಿಗೆ ಅಂತ ಯಾರು ಹೇಳಿದ್ದೋ, ಹದಿನೆಂಟರ ಒಳಗಿನ ಎಲ್ಲ ಮಕ್ಕಳಿಗೂ ಅದೇ. ಹುಡುಗರು ಹೇಳುವುದಿಲ್ಲ, ನಗ್ತಾರೆ ಅಂತ ಹೆದರ್ತಾರೆ. ನಿಮ್ಮತ್ರ ಒಬ್ಬ ಹೇಳಿದ್ದಾನೆ, ಅವನು ಕ್ಲಾಸಿಗೆ ಬರುವುದನ್ನು ನಿಲ್ಲಿಸುವ ಮೊದಲು 1098ಕ್ಕೆ ಫೋನ್ ಮಾಡಿ.

ಪ್ರಶ್ನೆ: ಈಗಿನ ಮಾಸ್ಟ್ರುಗಳಿಗೆ ಕೋಲು ಮುಟ್ಲಿಕ್ಕೂ ಹೆದರಿಕೆ. ನಾವೆಲ್ಲ ನಾಗರಬೆತ್ತದ ಪೆಟ್ಟು ತಿಂದೇ ಮನುಷ್ಯರಾದವರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮಕ್ಕಳ ಹಕ್ಕು ಅಂತ ನಿಮ್ಮಂಥವರೇ ಹಾಳು ಮಾಡುವುದು.
(ನಿವೃತ್ತರು, ನೀರ್ಚಾಲು)

ಉತ್ತರ: ನಮಸ್ಕಾರ ಅಣ್ಣ, ಬೈದು ಬರೆದ್ರೂ ಕಾಗದವನ್ನು ಚಂದದ ಅಕ್ಷರದಲ್ಲಿ ಬರೆದಿದ್ದೀರಿ, ಅದು ಬೆತ್ತದಿಂದ ಬಂದದ್ದೋ ತಾಳ್ಮೆಯಿಂದ ಕಲಿಸಿದವರಿಂದ ಬಂದದ್ದೋ ನೀವೇ ನೆನಪು ಮಾಡ್ಕೊಳ್ಳಿ. ನಿಮ್ಮದು ತೋಟ ಇದ್ದೀತು. ಒಳ್ಳೆಮೆಣಸಿನ ಬಳ್ಳಿಯನ್ನು ಮರಕ್ಕೆ ಹಬ್ಬಿಸ್ಬೇಕಾದ್ರೆ ಎಂತ ಮಾಡ್ತೀರಿ, ನಾರಿನಲ್ಲಿ ಸಡಿಲಕ್ಕೆ ಕಟ್ತೀರಿ, ಗೆಣ್ಣಿಗೆ ತಾಗದ ಹಾಗೆ. ಬಗ್ಗಿಸ್ಲಿಕ್ಕೆ ಅಂತ ಬಡಿಗೆ ತೆಗೆದು ಬಾರಿಸಿದವರನ್ನು ನಾನು ಕಂಡಿಲ್ಲ. ನಿಮ್ಮ ಕ್ಲಾಸಿನಲ್ಲಿ ಪೆಟ್ಟಿಗೆ ಹೆದರಿ ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಡಿ ದನ ಮೇಯಿಸ್ಲಿಕ್ಕೆ ಹೋದವರೂ ಇದ್ದಿರ್ಬೇಕಲ್ಲ, ಅವರು ಪತ್ರಿಕೆಗೆ ಕಾಗದ ಬರೆಯುವುದಿಲ್ಲ, ಹಾಗಾಗಿ ಪೆಟ್ಟಿನ ಲೆಕ್ಕದಲ್ಲಿ ಯಾವಾಗಲೂ ಗೆದ್ದವರ ಸಾಕ್ಷಿ ಮಾತ್ರ ಇರುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ಎರಡನ್ನೂ ನಿಷೇಧ ಮಾಡಿದೆ. ಎರಡನೆಯದ್ದು ನನ್ನ ಪ್ರಕಾರ ಕೆಲವು ಸಲ ಜಾಸ್ತಿ ಉರಿಯುವುದು. "ನೀನು ದನ ಕಾಯ್ಲಿಕ್ಕೇ ಲಾಯಕ್ಕು" ಅಂತ ಮಾಸ್ಟ್ರು ಹೇಳಿದ್ದನ್ನು ಅರುವತ್ತನೇ ವಯಸ್ಸಿನಲ್ಲಿಯೂ ಹೇಳಿ ಕಣ್ಣು ಒರಸಿಕೊಂಡವರನ್ನು ನೋಡಿದ್ದೇನೆ.

ಪ್ರಶ್ನೆ: ನನಗೆ 15. ಇನ್‌ಸ್ಟಾದಲ್ಲಿ ಒಂದು ಹುಡುಗಿ ಅಂತ ಫ್ರೆಂಡ್ ಆಗಿ ಫೋಟೋ ಕೇಳಿದ್ಲು, ಕಳಿಸಿಬಿಟ್ಟೆ. ಈಗ ಐದು ಸಾವಿರ ಕೊಡದಿದ್ರೆ ನನ್ನ ಕಾಂಟ್ಯಾಕ್ಟಿಗೆಲ್ಲ ಕಳಿಸ್ತೇನೆ ಅಂತಾರೆ. ಅಪ್ಪ ಗಲ್ಫ್‌ನಲ್ಲಿ, ಅಮ್ಮನಿಗೆ ಗೊತ್ತಾದ್ರೆ ಸತ್ತೇ ಹೋಗ್ತಾರೆ. ನಾನೇ ಎಂತಾದ್ರೂ ಮಾಡ್ಕೊಳ್ಳುವ ಅಂತ ಅನಿಸ್ತದೆ.

ಉತ್ತರ: ಮಗಾ, ನಿನಗೆ ಖಾಸಗಿಯಾಗಿ ಮೊನ್ನೆಯೇ ಉತ್ತರ ಹೋಗಿದೆ, ಮಾತಾಡಿಯೂ ಆಗಿದೆ. ನಿನ್ನ ಹಾಗೆ ಇನ್ನೆಷ್ಟು ಜನ ಇದ್ದಾರೋ ಅಂತ ನಿನ್ನ ಒಪ್ಪಿಗೆ ಕೇಳಿಯೇ ಇಲ್ಲಿ ಹಾಕಿದ್ದು.

ಅದು ಹುಡುಗಿಯೇ ಅಲ್ಲ, ಇದೇ ಕಸುಬು ಮಾಡುವವರು. ಒಂದು ರೂಪಾಯಿಯೂ ಕೊಡ್ಬೇಡಿ, ಐದು ಕೊಟ್ರೆ ನಾಡಿದ್ದು ಹತ್ತು ಕೇಳ್ತಾರೆ. ಕೊಟ್ಟು ಆಗಿದ್ರೆ ಕೂಡ್ಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ. ಹೆದರಿ ಚಾಟ್ ಡಿಲೀಟ್ ಮಾಡ್ಬೇಡಿ, ಐಡಿ, ನಂಬರು, ಬೆದರಿಕೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಿ. ಹದಿನೆಂಟರ ಒಳಗಿನವರ ಇಂಥ ಫೋಟೋ ಇಂಟರ್‌ನೆಟ್ಟಿಗೆ ಹೋಗದ ಹಾಗೆ ತಡೀಲಿಕ್ಕೆ ಟೇಕ್ ಇಟ್ ಡೌನ್ ಅಂತ ಒಂದು ಫ್ರೀ ಸೇವೆ ಉಂಟು, ಫೋಟೋ ನಿಮ್ಮ ಫೋನಿಂದ ಹೊರಗೆ ಹೋಗುವುದಿಲ್ಲ, ಅದರ ಬೆರಳಚ್ಚಿನ ಹಾಗಿನ ಒಂದು ಕೋಡ್ ಮಾತ್ರ ಹೋಗಿ, ಅದಕ್ಕೆ ಸೇರಿದ ಆ್ಯಪ್‌ನವರು ಆ ಫೋಟೋ ಕಂಡ್ರೆ ತೆಗೀತಾರೆ. ಎಲ್ಲಾ ಕಡೆ ಆಗುವುದಿಲ್ಲ, ಆದ್ರೂ ಬಹಳ ಉಪಯೋಗ. ಮಕ್ಕಳ ಇಂಥ ಫೋಟೋವನ್ನು ಹಂಚುವುದು ಹಾಗಿರ್ಲಿ ಫೋನಲ್ಲಿ ಇಟ್ಕೊಳ್ಳುವುದೇ ಅಪರಾಧ ಆಗ್ತದೆ ಅಂತ ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ಗಟ್ಟಿಯಾಗಿ ಹೇಳಿದೆ. "ಎಲ್ಲರಿಗೂ ಜಾಗೃತಿ ಆಗ್ಲಿ" ಅಂತ ಫ್ಯಾಮಿಲಿ ಗ್ರೂಪಿಗೆ ಫಾರ್ವರ್ಡ್ ಮಾಡುವ ಮಾವಂದಿರೂ ಇದನ್ನು ಎರಡು ಸಲ ಓದಿ.

ಮತ್ತೆ ಅಮ್ಮ. ಸತ್ತು ಹೋಗ್ಲಿಲ್ಲ. ಹತ್ತು ನಿಮಿಷ ಬೈದ್ರು, ಅರ್ಧ ಗಂಟೆ ಅತ್ರು, ಆಮೇಲೆ ರಿಕ್ಷಾ ಮಾಡಿಕೊಂಡು ಇವನ ಜೊತೆ ಸೈಬರ್ ಪೊಲೀಸಿನವರತ್ರ ಹೋದ್ರು. ಜೀವ ಬೇಡ ಅಂತ ಅನಿಸುವ ರಾತ್ರಿ ಯಾರಿಗಾದ್ರೂ ಬಂದ್ರೆ 14416 ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರದ ಸಹಾಯವಾಣಿ, ಅದಕ್ಕೂ ಚಾರ್ಜಿಲ್ಲ, ಅದೂ ಇಪ್ಪತ್ತನಾಲ್ಕು ಗಂಟೆ.

ಪ್ರಶ್ನೆ: ನಮ್ಮ ಹತ್ತಿರದ ದೊಡ್ಡ ಮನೆಯಲ್ಲಿ ಘಟ್ಟದ ಮೇಲಿನಿಂದ ತಂದ ಒಂದು ಹುಡುಗಿ ಉಂಟು, 12-13 ಇದ್ದೀತು. ಪಾತ್ರೆ, ಬಟ್ಟೆ, ಮಗು ನೋಡುವುದು ಎಲ್ಲ ಅವಳೇ. ಕೇಳಿದ್ರೆ ಮಗಳ ಹಾಗೆ ನೋಡ್ಕೊಳ್ತೇವೆ ಅಂತಾರೆ. ಬಡವರ ಮಗು, ಊಟವಾದ್ರೂ ಸಿಗ್ತದಲ್ಲ ಅಂತ ಸುಮ್ಮನಿರುವುದಾ?

ಉತ್ತರ: ಮಗಳ ಹಾಗೆ ಅಂದ್ರೆ ಮನೆ ಮಗಳು ಶಾಲೆ ವ್ಯಾನು ಹತ್ತುವಾಗ ಇವಳೂ ಹತ್ಬೇಕು. ಹದಿನಾಲ್ಕರ ಒಳಗಿನ ಮಕ್ಕಳನ್ನು ಮನೆಕೆಲಸಕ್ಕೆ ಇಟ್ಕೊಳ್ಳುವುದು ಅಪರಾಧ, 2016ರ ತಿದ್ದುಪಡಿ ಆದ ಮೇಲೆ ಆರು ತಿಂಗಳಿಂದ ಎರಡು ವರ್ಷ ಜೈಲು ಅಥವಾ ಇಪ್ಪತ್ತು ಸಾವಿರದಿಂದ ಐವತ್ತು ಸಾವಿರ ದಂಡ ಅಥವಾ ಎರಡೂ. ಊಟ ಸಿಗ್ತದೆ ಅಂತೀರಿ, ಊಟದ ಲೆಕ್ಕ ನಿಮಗೆ ಕಾಣ್ತದೆ, ರಾತ್ರಿ ಅವಳು ಎಲ್ಲಿ ಮಲಗ್ತಾಳೆ, ಬಾಗಿಲಿಗೆ ಚಿಲಕ ಉಂಟಾ ಅಂತ ಕಾಣುವುದಿಲ್ಲ.

ಒಂದು ಜಾಗ್ರತೆ ಮಾತ್ರ. ನೀವೇ ಹೋಗಿ ಆ ಮನೆಯವರಿಗೆ ಬುದ್ಧಿ ಹೇಳ್ಬೇಡಿ, ಹೇಳಿದ್ರೆ ಬೆಳಿಗ್ಗೆ ಆಗುವುದರೊಳಗೆ ಮಗು ಯಾವುದೋ ಬಸ್ಸಿನಲ್ಲಿ ಯಾವುದೋ ಊರಿಗೆ, ಮತ್ತೆ ಸಿಗ್ಲಿಕ್ಕಿಲ್ಲ. ಸದ್ದಿಲ್ಲದೆ 1098ಕ್ಕೆ ಹೇಳಿ. ಮಗುವನ್ನು ಕರ್ಕೊಂಡು ಹೋದವರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಮಾಡ್ಬೇಕು, ಅವರು ಅವಳ ಊರಿನ ಜಿಲ್ಲೆಯ ಸಮಿತಿಯನ್ನು ಕೇಳಿ ಮನೆ ಪರಿಸ್ಥಿತಿ ನೋಡಿಯೇ ಕಳಿಸುವುದು. ನಿಮಗೆ ಪುರುಸೊತ್ತಿದ್ರೆ, ಕನ್ನಡ ಬರ್ತದೆ ಅಂತ ಅಲ್ಲಿ ಹೇಳಿ ಅವಳ ಜೊತೆ ಒಂದು ಗಳಿಗೆ ಕೂತ್ಕೊಳ್ಳಿ. ಘಟ್ಟದ ಮೇಲಿನ ಮಗು, ಸುತ್ತ ಎಲ್ಲ ಮಲಯಾಳ, ಯೋಚನೆ ಮಾಡಿ.

ಪ್ರಶ್ನೆ: ನಾವು ಪೆರ್ಲದವರು, ಘಟನೆ ನಡೆದದ್ದು ವಿಟ್ಲದಲ್ಲಿ, ನೆಂಟರ ಮನೆಯಲ್ಲಿ. ಇಲ್ಲಿ ಕೊಟ್ರೆ ತಕ್ಕೊಳ್ತಾರಾ, ಅದು ಕರ್ನಾಟಕ ಅಲ್ವಾ?

ಉತ್ತರ: ತಕ್ಕೊಳ್ಬೇಕು. ಝೀರೋ ಎಫ್‌ಐಆರ್ ಅಂತ ಹೇಳಿ. ಎಲ್ಲಿ ನಡೆದದ್ದಾದ್ರೂ ಹತ್ತಿರದ ಸ್ಟೇಷನಿನಲ್ಲಿ ದೂರು ಬರ್ಕೊಂಡು ಆಮೇಲೆ ಅವರೇ ಆ ಕಡೆಗೆ ಕಳಿಸ್ಬೇಕು, 2024ರ ಜುಲೈ ಒಂದರಿಂದ ಬಂದ ಹೊಸ ಕಾನೂನಿನಲ್ಲಿ ಇದು ಸ್ಪಷ್ಟವಾಗಿಯೇ ಉಂಟು. ಗಡಿ ದಾಟಿ ಅಲ್ಲಿಗೇ ಹೋಗಿ ಅಂತ ಅಟ್ಟಿದ್ರೆ ಅದನ್ನು ಬರೆದು ಕೊಡಿ ಅಂತ ಕೇಳಿ.

ಪ್ರಶ್ನೆ: ಆಂಟೀ, ನಾನು ಆರನೇ ಕ್ಲಾಸ್. ನನ್ನ ಡೈರಿಯನ್ನು ಅಮ್ಮ ನನಗೆ ಗೊತ್ತಿಲ್ಲದೆ ಓದಿದ್ದಾರೆ. ಕೇಳಿದ್ರೆ ಮಕ್ಕಳಿಗೆಂತ ಗುಟ್ಟು ಅಂತಾರೆ. ಮಕ್ಕಳಿಗೆ ಹಕ್ಕಿಲ್ವಾ?

ಉತ್ತರ: ಉಂಟು ಪುಟ್ಟೀ. 1989ರ ನವೆಂಬರ್ 20ಕ್ಕೆ ವಿಶ್ವಸಂಸ್ಥೆಯಲ್ಲಿ ಮಕ್ಕಳ ಹಕ್ಕಿನ ಒಪ್ಪಂದ ಆಯ್ತು, ನಮ್ಮ ದೇಶ 1992ರಲ್ಲಿ ಅದಕ್ಕೆ ಹೂಂ ಅಂದಿದೆ. ಅದರ 16ನೇ ಕಲಮು ನಿನ್ನ ಡೈರಿಯದ್ದು, ಮಕ್ಕಳ ಖಾಸಗಿ ವಿಷಯಕ್ಕೆ ಸುಮ್ಮ ಸುಮ್ಮನೆ ಕೈ ಹಾಕ್ಲಿಕ್ಕಿಲ್ಲ ಅಂತ. 12ನೇ ಕಲಮು, ನಿನಗೆ ಸಂಬಂಧಪಟ್ಟ ವಿಷಯದಲ್ಲಿ ನಿನ್ನ ಮಾತು ಕೇಳ್ಬೇಕು ಅಂತ. ಅಮ್ಮನಿಗೆ ಇದನ್ನು ಓದಿ ಹೇಳು, ಜಗಳ ಮಾಡ್ಬೇಡ. ಅಮ್ಮ ಯಾಕೆ ಓದಿದ್ರು ಗೊತ್ತುಂಟಾ, ಹೆದರಿಕೆಗೆ. ನೀನು ಒಂದು ಕರಾರು ಮಾಡು, ಯಾರಾದ್ರೂ ದೊಡ್ಡವರು "ಇದನ್ನು ಅಮ್ಮನತ್ರ ಹೇಳ್ಬೇಡ" ಅಂತ ಹೇಳಿದ್ರೆ ಆ ಗುಟ್ಟು ಮಾತ್ರ ನಾನು ಡೈರಿಯಲ್ಲಿ ಬರೆಯುವ ಮೊದಲೇ ನಿನಗೆ ಹೇಳ್ತೇನೆ, ಬಾಕಿದ್ದೆಲ್ಲ ನನ್ನದು ಅಂತ. ಬೀಗ ಇರುವ ಡೈರಿ ಬೇಕು ಅಂತ ಹಠ ಮಾಡ್ಲಿಕ್ಕೆ ಹೋಗ್ಬೇಡ, ಅದರ ಕೀಯನ್ನು ನೀನು ಪೆನ್ಸಿಲ್ ಬಾಕ್ಸಿನಲ್ಲೇ ಇಡುವುದು, ಅಮ್ಮನಿಗೆ ಅದು ಗೊತ್ತಿರ್ತದೆ.